ಕತ್ತಿ ತಿರುಗಾಮುರುಗಾ ಬೀಸುತ್ತಿದೆಯೇ? ಸ್ಕೈವರ್ಡ್ ಸ್ವೋರ್ಡ್ ಎಚ್‌ಡಿಗೆ ಕೈ ಪಳಗಿಸುವ ಸಮಗ್ರ ಮಾರ್ಗದರ್ಶಿ

"ಅಣ್ಣ, ನಾನು ಎಡಕ್ಕೆ ಬೀಸಿದ್ರೆ ಅದು ಬಲಕ್ಕೆ ಹೋಗ್ತೈತೆ. ರಿಮೋಟ್ ಕೆಟ್ಟೈತೆ ಅನ್ಸುತ್ತೆ."

ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೀಗೆ ಫೋನ್ ಮಾಡಿದ. ಅವನಿಗಿಂತ ಮೊದಲು ಇಲ್ಲೇ ದಾವಣಗೆರೆಯ ಗೆಳೆಯರು ಇದೇ ಮಾತು ಹೇಳಿದ್ದರು. ಫೋನಿನಲ್ಲಿ ಎಷ್ಟು ಹೇಳಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಅವನ ಮನೆಗೇ ಹೋಗಿ ಪಕ್ಕದಲ್ಲಿ ಕೂತೆ. ಟಿವಿ ನೋಡುವುದು ಬಿಟ್ಟು ಅವನ ಮಣಿಕಟ್ಟನ್ನೇ ನೋಡಿದೆ. ಐದು ನಿಮಿಷದಲ್ಲಿ ರೋಗ ಗೊತ್ತಾಯಿತು. ಕೆಟ್ಟಿದ್ದು ರಿಮೋಟ್ ಅಲ್ಲ. ಆ ರೋಗ ಯಾವುದು ಅನ್ನೋದನ್ನ ಹಂತ 4ರಲ್ಲಿ ಹೇಳುತ್ತೇನೆ. ಆದರೆ ಮೊದಲ ಮೂರು ಹಂತ ಬಿಟ್ಟು ಅಲ್ಲಿಗೆ ಹಾರಬೇಡಿ. ಬುಡ ಸರಿ ಇಲ್ಲದಿದ್ದರೆ ಅಲ್ಲಿ ಹೇಳಿದ ಯಾವುದೂ ಕೆಲಸ ಮಾಡುವುದಿಲ್ಲ.

ಇಲ್ಲಿರುವುದೆಲ್ಲ ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರದಲ್ಲಿ ಆಡುವ 'ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸ್ವೋರ್ಡ್ ಎಚ್‌ಡಿ'ಗೆ, ಅಂದರೆ 2021ರಲ್ಲಿ ಬಂದ ಆವೃತ್ತಿಗೆ. 2011ರ ವೀ (ನಿಂಟೆಂಡೊದ ಹಳೇ ಯಂತ್ರ) ಆವೃತ್ತಿ ಇಟ್ಟುಕೊಂಡವರಿಗೆ ಬೀಸುವ ಪಾಠ ಇದೇ, ಬಟನ್‌ಗಳು ಮಾತ್ರ ಬೇರೆ.

## ಬೇಕಾಗುವ ಸಾಮಾನು

ಎರಡು ಜಾಯ್‌ಕಾನ್ (ಸ್ವಿಚ್‌ನ ಪಕ್ಕದಿಂದ ಬಿಚ್ಚಿ ಕೈಯಲ್ಲಿ ಹಿಡಿಯುವ ರಿಮೋಟ್), ಅವುಗಳ ಎರಡು ಕೈಪಟ್ಟಿ, ಅಲುಗಾಡದ ಒಂದು ಮೇಜು, ಕೈ ಒರೆಸಲು ಒಂದು ಟವೆಲ್. ಇಷ್ಟೇ.

ಟವೆಲ್ ಅಂದರೆ ನಗಬೇಡಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಹತ್ತು ನಿಮಿಷ ಕತ್ತಿ ಬೀಸಿ ನೋಡಿ. ಬೆವರಿಗೆ ಜಾಯ್‌ಕಾನ್ ಅಂಗೈಯಲ್ಲಿ ತಿರುಗಿಬಿಡುತ್ತದೆ. ನೀವು ನೇರ ಹಿಡಿದಿದ್ದೀರಿ ಅಂದುಕೊಂಡಿರುತ್ತೀರಿ, ಅದು ಓರೆಯಾಗಿರುತ್ತದೆ, ಕತ್ತಿಯೂ ಓರೆಗೇ ಬೀಸುತ್ತದೆ. ಮಂಡಕ್ಕಿ ಮಿರ್ಚಿ ತಿಂದ ಕೈಯಂತೂ ಬೇಡವೇ ಬೇಡ.

ಪ್ರೊ ಕಂಟ್ರೋಲರ್ ಇದ್ದರೆ ಪಕ್ಕಕ್ಕಿಡಿ, ಅದರಲ್ಲಿ ಬಟನ್ ಆಟ ಮಾತ್ರ. ಸ್ವಿಚ್ ಲೈಟ್ ಇರುವವರಿಗೂ ಹಾಗೆಯೇ, ಅದರ ಕಂಟ್ರೋಲರ್ ಬಿಚ್ಚಲು ಬರುವುದಿಲ್ಲ. ಕೈ ಬೀಸಿಯೇ ಆಡಬೇಕು ಅಂದರೆ ಬೇರೆ ಜಾಯ್‌ಕಾನ್ ಜೋಡಿ ತಂದು ಜೋಡಿಸಿಕೊಳ್ಳಬೇಕು.

## ಹಂತ 1: ಜಾಗ ಮತ್ತು ಕೈಪಟ್ಟಿ

ಮೊದಲು ತಲೆ ಎತ್ತಿ ನೋಡಿ. ಫ್ಯಾನ್ ಎಲ್ಲಿದೆ? ಈ ಆಟದಲ್ಲಿ ಕತ್ತಿಯನ್ನು ಆಕಾಶಕ್ಕೆ ಎತ್ತಿ ಹಿಡಿಯುವ ಕೆಲಸ ಪದೇ ಪದೇ ಬರುತ್ತದೆ. ನಮ್ಮ ಹಳೇ ಮನೆಯ ಅಟ್ಟದ ಕೆಳಗೆ ನಿಂತು ನಾನು ಮೊದಲ ಸಲ ಹಾಗೆ ಎತ್ತಿದಾಗ ಗೆಣ್ಣು ತೊಲೆಗೆ ಬಡಿದು ವಾರವಿಡೀ ಊದಿಕೊಂಡಿತ್ತು. ಕೂತು ಆಡಿ. ಬೆನ್ನು ಒರಗಿಸಲು ಬರುವ ಕುರ್ಚಿ ಸಾಕು. ಕುರ್ಚಿಗೆ ತೋಳು ಇದ್ದರೆ ಮೊಣಕೈ ತಗಲುತ್ತದೆ, ತೋಳಿಲ್ಲದ್ದನ್ನೇ ಹುಡುಕಿ.

ಕೈಪಟ್ಟಿ ಹಾಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಪಟ್ಟಿಯ ಮೇಲೆ ಪ್ಲಸ್ ಮತ್ತು ಮೈನಸ್ ಗುರುತು ಇರುತ್ತದೆ. ಪ್ಲಸ್ ಬಟನ್ ಇರುವ ಬಲಗೈ ಜಾಯ್‌ಕಾನ್‌ಗೆ ಪ್ಲಸ್ ಪಟ್ಟಿ, ಮೈನಸ್ ಇರುವುದಕ್ಕೆ ಮೈನಸ್ ಪಟ್ಟಿ. ತಲೆಕೆಳಗಾಗಿ ತೂರಿಸಿದರೆ ಸಿಕ್ಕಿಕೊಳ್ಳುತ್ತದೆ. ಆಗ ಜಗ್ಗಾಡಬೇಡಿ, ಒಳಗಿನ ಹಳಿ ಹಾಳಾಗುತ್ತದೆ. ಬೀಗ ಬಿಡಿಸಿ, ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿಸಿ.

ಸ್ವಿಚ್ ಅನ್ನು ಟಿವಿ ಹಿಂದೆ ಅಡಗಿಸಿಡುವುದು ನಮ್ಮ ಮನೆಗಳ ಅಭ್ಯಾಸ, ಧೂಳು ಕೂರಬಾರದು ಅಂತ. ಆದರೆ ಜಾಯ್‌ಕಾನ್ ಮಾತಾಡುವುದು ಬ್ಲೂಟೂತ್‌ನಲ್ಲಿ. ಟಿವಿಯ ಹಿಂಭಾಗ, ಕಬ್ಬಿಣದ ಕಪಾಟು, ಪಕ್ಕದಲ್ಲೇ ವೈಫೈ ರೌಟರ್ ಇದ್ದರೆ ಸಂಕೇತ ಕಡಿದು ಕಡಿದು ಬರುತ್ತದೆ. ಮುಂದಕ್ಕೆ ತಂದು ಕಣ್ಣಿಗೆ ಕಾಣುವಂತೆ ಇಡಿ.

## ಹಂತ 2: ಕ್ಯಾಲಿಬ್ರೇಷನ್, ಒಂದೇ ಸಲ

ಇದನ್ನು ಆಟದೊಳಗೆ ಹುಡುಕಬೇಡಿ. ಸ್ವಿಚ್‌ನ ಮುಖ್ಯ ಪರದೆಯಿಂದ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ. 'ಕಂಟ್ರೋಲರ್ಸ್' ಅಂತ ಶುರುವಾಗುವ ಸಾಲಿನೊಳಗೆ 'ಕ್ಯಾಲಿಬ್ರೇಟ್ ಮೋಷನ್ ಕಂಟ್ರೋಲ್ಸ್' ಸಿಗುತ್ತದೆ. ಜಾಯ್‌ಕಾನ್ ಬಿಚ್ಚಿ, ಕೈಪಟ್ಟಿಯನ್ನೂ ತೆಗೆದು, ಸಮತಟ್ಟಾದ ಜಾಗದಲ್ಲಿ ಇಡಿ. ಬಲದ್ದಕ್ಕೆ ಪ್ಲಸ್, ಎಡದ್ದಕ್ಕೆ ಮೈನಸ್ ಬಟನ್ ಒತ್ತಿ ಹಿಡಿಯಿರಿ. ಒಂದೊಂದಾಗಿ ಎರಡಕ್ಕೂ ಮಾಡಿ.

ಹಾಸಿಗೆ, ದಿಂಬು, ತೊಡೆಯ ಮೇಲೆ ಇಟ್ಟು ಮಾಡಿದರೆ ಮಾಡದಿದ್ದುದಕ್ಕಿಂತ ಕೆಡುಕು. 'ಅಲುಗಾಡದೆ ಇದ್ದಾಗ ನಿನಗೆ ಹೀಗೆ ಅನಿಸಬೇಕು' ಅಂತ ನೀವು ಅದಕ್ಕೆ ಕಲಿಸುತ್ತಿದ್ದೀರಿ. ಆ ಹೊತ್ತಿನಲ್ಲಿ ಅಲುಗಾಡಿದರೆ ತಪ್ಪು ಪಾಠ ಕಲಿಯುತ್ತದೆ. ನೆಲದ ಮೇಲೇ ಇಟ್ಟುಬಿಡಿ, ಅದು ಎಲ್ಲಕ್ಕಿಂತ ಗಟ್ಟಿ.

ಲಿಂಕ್, ಅಂದರೆ ಆಟದಲ್ಲಿ ನೀವು ಆಡಿಸುವ ನಾಯಕ, ತಾನೇ ತಾನಾಗಿ ಒಂದು ಕಡೆ ನಡೆಯುತ್ತಿದ್ದರೆ ಅದು ಬೇರೆ ಕಾಯಿಲೆ, ಹೆಬ್ಬೆರಳಲ್ಲಿ ಆಡಿಸುವ ಕಡ್ಡಿಯದ್ದು. ಅದಕ್ಕೆ ಅದೇ ಪಟ್ಟಿಯಲ್ಲಿರುವ 'ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್' ನೋಡಿ. ಎರಡನ್ನೂ ಕಲಸಿಕೊಂಡು ತಾಸುಗಟ್ಟಲೆ ಒದ್ದಾಡಿದವರು ಇದ್ದಾರೆ.

## ಹಂತ 3: ವೈ ಬಟನ್, ಪ್ರತಿ ಸಲ

ಜಾಯ್‌ಕಾನ್ ಒಳಗಿನ ಗೈರೋಸ್ಕೋಪ್‌ಗೆ ನಿಮ್ಮ ಟಿವಿ ಎಲ್ಲಿದೆ ಅಂತ ಗೊತ್ತಿಲ್ಲ. ಅದು ಅಳೆಯುವುದು ಎಷ್ಟು ತಿರುಗಿದೆ ಅನ್ನುವುದನ್ನು ಮಾತ್ರ. ತಿರುಗಿದ್ದನ್ನೆಲ್ಲ ಕೂಡುತ್ತಾ ಹೋಗಿ ಈಗ ಎತ್ತ ಮುಖ ಮಾಡಿದೆ ಅಂತ ಲೆಕ್ಕ ಹಾಕುತ್ತದೆ. ಕೂಡುವ ಲೆಕ್ಕದಲ್ಲಿ ಪ್ರತಿ ಸಲ ಚೂರು ಚೂರು ತಪ್ಪು ಸೇರಿದರೆ ಏನಾಗುತ್ತದೆ? ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೆ ತಿಂಗಳ ಕೊನೆಗೆ ಎಲ್ಲಿಯೋ ಹೋಗಿರುತ್ತದೆ.

ಅದನ್ನು ಸೊನ್ನೆಗೆ ತರುವುದು ವೈ ಬಟನ್. ಬಲಗೈ ಜಾಯ್‌ಕಾನ್ ಅನ್ನು ಟಿವಿಯ ನಟ್ಟ ನಡುವಿಗೆ ಗುರಿ ಹಿಡಿದು, ಕೈ ನಿಲ್ಲಿಸಿ, ವೈ ಒತ್ತಿ. 'ನಡು ಅಂದರೆ ಇದು' ಅಂತ ಹೇಳಿದ ಹಾಗೆ. ಜಾಯ್‌ಕಾನ್ ತೊಡೆಯ ಮೇಲೆ ಒರಗಿದ್ದಾಗ ಒತ್ತಿದರೆ ನಿಮ್ಮ ತೊಡೆಯೇ ನಡು ಆಗಿಬಿಡುತ್ತದೆ. ಆಮೇಲೆ ಕತ್ತಿ ಸದಾ ಮೇಲಕ್ಕೆ ನೆಗೆದೇ ಇರುತ್ತದೆ.

ಎಷ್ಟು ಸಲ ಒತ್ತಬೇಕು? ನಾನು ಪ್ರತಿ ಜಗಳಕ್ಕೆ ಮುಂಚೆ, ಪ್ರತಿ ಬಾಗಿಲು ದಾಟಿದಾಗ, ಫೋನ್ ಎತ್ತಿ ಮಾತಾಡಿ ಬಂದಾಗಲೆಲ್ಲ ಒತ್ತುತ್ತೇನೆ. ಜಾಸ್ತಿ ಆಯ್ತು ಅನ್ನೋದು ಇಲ್ಲವೇ ಇಲ್ಲ. ಬೆರಳಿಗೆ ರೂಢಿ ಆಗಲಿ.

## ಹಂತ 4: ಬೀಸುವ ಮುಂಚಿನ ಬೀಸು ನಿಲ್ಲಿಸಿ

ಇದೇ ಆ ರೋಗ.

ನನ್ನ ತಮ್ಮ ಎಡದಿಂದ ಬಲಕ್ಕೆ ಹೊಡೆಯಬೇಕಾದಾಗ ಮೊದಲು ಕೈಯನ್ನು ಸರ್ ಅಂತ ಎಡಕ್ಕೆ ಎಳೆಯುತ್ತಿದ್ದ, ಆಮೇಲೆ ಬಲಕ್ಕೆ ಬೀಸುತ್ತಿದ್ದ. ಬ್ಯಾಟ್ಸ್‌ಮನ್ ಬ್ಯಾಕ್‌ಲಿಫ್ಟ್ ತೆಗೆದುಕೊಳ್ಳುತ್ತಾನಲ್ಲ, ಥೇಟ್ ಹಾಗೆ. ಅವನು ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವನು, ಕೈಗೆ ಬೇರೆ ಗೊತ್ತೇ ಇಲ್ಲ. ಆದರೆ ಆಟದ ಕಣ್ಣಿಗೆ ಆ 'ಸರ್' ಅನ್ನುವುದೇ ಬೀಸು. ಲಿಂಕ್ ಬಲದಿಂದ ಎಡಕ್ಕೆ ಹೊಡೆದು ಮುಗಿಸಿರುತ್ತಾನೆ. ನಿಮ್ಮ ನಿಜವಾದ ಬೀಸು ಬರುವಷ್ಟರಲ್ಲಿ ಶತ್ರು ತಡೆದು, ತಿರುಗಿ ಒದ್ದಿರುತ್ತಾನೆ.

ಈ ಆಟ ನಿಮ್ಮ ಕೈಯನ್ನು ಎರಡು ರೀತಿ ಓದುತ್ತದೆ. ನಿಧಾನಕ್ಕೆ ಆಡಿಸಿದರೆ ಲಿಂಕ್‌ನ ಕತ್ತಿ ನಿಮ್ಮ ಕೈ ಹೋದಲ್ಲಿ ಸುಮ್ನೆ ಹಿಂಬಾಲಿಸುತ್ತದೆ. ಥಟ್ಟನೆ ಆಡಿಸಿದರೆ ಅದು ಏಟು. ಮೇಲೆ, ಕೆಳಗೆ, ಅಡ್ಡ, ಓರೆ ಸೇರಿ ಎಂಟು ದಿಕ್ಕು, ಜೊತೆಗೆ ಮುಂದಕ್ಕೆ ತಿವಿಯುವುದು. ಹಾಗಾಗಿ ಕ್ರಮ ಹೀಗಿರಲಿ:

1. ಏಟು ಶುರುವಾಗಬೇಕಾದ ಕಡೆಗೆ ಕತ್ತಿಯನ್ನು ನಿಧಾನಕ್ಕೆ ಒಯ್ಯಿರಿ. ಹಾಲು ತುಂಬಿದ ಲೋಟ ಸರಿಸಿದ ಹಾಗೆ.
2. ಅಲ್ಲಿ ನಿಲ್ಲಿಸಿ. ಪರದೆಯಲ್ಲಿ ಕತ್ತಿ ಅಲ್ಲಿಗೆ ಬಂದು ನಿಂತಿದೆಯಾ ಅಂತ ಕಣ್ಣಾರೆ ನೋಡಿ.
3. ಈಗ ಬೀಸಿ. ಮಣಿಕಟ್ಟಿನಿಂದ, ಒಂದು ಗೇಣಿನಷ್ಟು ಸಾಕು.
4. ಬೀಸಿ ಮುಗಿದಲ್ಲೇ ಕೈ ನಿಲ್ಲಿಸಿ. ಥಟ್ಟನೆ ವಾಪಸ್ ತಂದರೆ ಅದೂ ಇನ್ನೊಂದು ಏಟು.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಜೋರಾಗಿ ಬೀಸಿದರೆ ಏಟು ಜೋರಾಗುತ್ತದೆ ಅನ್ನುವುದು ಭ್ರಮೆ, ಭುಜ ನೋಯುತ್ತದೆ ಅಷ್ಟೇ.

ಅಭ್ಯಾಸಕ್ಕೆ ಸ್ಕೈಲಾಫ್ಟ್‌ನ (ಆಟ ಶುರುವಾಗುವ ಊರು) ಸ್ಪಾರಿಂಗ್ ಹಾಲ್ ಇದೆ. ಆಟದ ಶುರುವಿನಲ್ಲೇ ಅಲ್ಲಿಂದ ಅಭ್ಯಾಸದ ಕತ್ತಿ ತರಲು ಹೋಗುತ್ತೀರಿ. ಕತ್ತಿ ಸಿಕ್ಕ ಕೂಡಲೇ ಓಡಿಬಿಡಬೇಡಿ. ಅಲ್ಲಿರುವ ಮರದ ದಿಮ್ಮಿಗಳ ಮುಂದೆ ನಿಂತು, ಬಾಯಲ್ಲಿ ದಿಕ್ಕು ಹೇಳುತ್ತಾ ಬೀಸಿ. 'ಎಡದಿಂದ' ಅಂತ ಹೇಳಿದಾಗ ಎಡದಿಂದಲೇ ಬರಬೇಕು. ಹತ್ತಕ್ಕೆ ಒಂಬತ್ತು ಸರಿ ಬರುವ ತನಕ ಅಲ್ಲೇ ಇರಿ. ನನ್ನ ತಮ್ಮನಿಗೆ ಅರ್ಧ ತಾಸು ಹಿಡಿಯಿತು. ಚಿಕ್ಕಮ್ಮ ಅಡುಗೆಮನೆಯಿಂದ ಇಣುಕಿ, "ಏನೋ ಅದು, ಎಡ ಬಲ ಅಂತ, ಡ್ರಿಲ್ ಮಾಡ್ತಿದೀರಾ?" ಅಂದರು.

## ಹಂತ 5: ಹೊಡೆಯುವ ಮುಂಚೆ ಓದಿ

ಬಟನ್ ಒತ್ತುವ ಆಟ ಆಡಿ ಬಂದವರು ಶತ್ರು ಕಂಡ ಕೂಡಲೇ ಚಾಮರ ಬೀಸಿದಂತೆ ಬೀಸುತ್ತಾರೆ. ಇಲ್ಲಿ ನಡೆಯುವುದಿಲ್ಲ. ಎಡಗೈಯ ಜೆಡ್‌ಎಲ್ ಬಟನ್ ಒತ್ತಿ ಹಿಡಿದು ಶತ್ರುವಿನ ಮೇಲೆ ನೋಟ ನೆಡಿ, ಅವನ ಆಯುಧ ಎಲ್ಲಿದೆ ನೋಡಿ, ಅದು ಇಲ್ಲದ ಕಡೆಯಿಂದ ಹೊಡೆಯಿರಿ.

ಡೆಕು ಬಾಬಾ ಅನ್ನುವ ಗಿಡ ಬಾಯಿ ಅಡ್ಡ ತೆರೆದರೆ ಅಡ್ಡ ಏಟು, ಉದ್ದ ತೆರೆದರೆ ಉದ್ದ ಏಟು. ಬೊಕೊಬ್ಲಿನ್ ಅನ್ನುವ ರಾಕ್ಷಸ ಕತ್ತಿಯನ್ನು ಒಂದು ಪಕ್ಕಕ್ಕೆ ಹಿಡಿದಿದ್ದರೆ ಇನ್ನೊಂದು ಪಕ್ಕ ಖಾಲಿ. ಸ್ಟಾಲ್‌ಡ್ರಾ ಅನ್ನುವ ಎಲುಬಿನ ಹಾವಿಗೆ ಮೂರು ತಲೆ. ಒಂದೊಂದಾಗಿ ಕಡಿದರೆ ಮತ್ತೆ ಹುಟ್ಟುತ್ತವೆ, ಮೂರೂ ಒಂದೇ ಗೆರೆಗೆ ಬಂದಾಗ ಆ ಗೆರೆಯುದ್ದಕ್ಕೂ ಒಂದೇ ಏಟು ಹಾಕಬೇಕು. ಸ್ಕಲ್ಟುಲಾ ಜೇಡದ ಬೆನ್ನಿಗೆ ಎಷ್ಟು ಹೊಡೆದರೂ ಗೋಡೆಗೆ ಹೊಡೆದಂತೆ. ಕೆಳಗಿನಿಂದ ಮೇಲಕ್ಕೆ ಬೀಸಿ ಮಗುಚಿ, ಹೊಟ್ಟೆಗೆ ತಿವಿಯಿರಿ.

ಆಟದ ಮೊದಲ ಗುಡಿ ಸ್ಕೈವ್ಯೂ ಟೆಂಪಲ್‌ನಲ್ಲಿ ಬಾಗಿಲ ಮೇಲೆ ಒಂದು ಕಣ್ಣು ಇರುತ್ತದೆ. ಅದಕ್ಕೆ ಹೊಡೆದು ಹೊಡೆದು ಸುಸ್ತಾದವರ ಲೆಕ್ಕವಿಲ್ಲ. ಕತ್ತಿ ಹಿರಿದು ಅದರ ಮುಂದೆ ನಿಲ್ಲಿ, ಕತ್ತಿಯ ತುದಿಯನ್ನು ಗುಂಡಗೆ ತಿರುಗಿಸುತ್ತಾ ಇರಿ. ಕಣ್ಣು ತುದಿಯನ್ನೇ ನೋಡುತ್ತಾ ತಾನೂ ತಿರುಗಿ, ತಲೆ ಸುತ್ತಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ. ಬೇಗ ತಿರುಗಿಸಿದರೆ ಅದು ಏಟು ಆಗಿಬಿಡುತ್ತದೆ. ಸಾರು ಕಲಕುವ ವೇಗ ಸಾಕು. ನಿಜ ಹೇಳಬೇಕೆಂದರೆ ಹಂತ 4ರ ಪರೀಕ್ಷೆಯೇ ಈ ಬಾಗಿಲು. ಇಲ್ಲಿ ತಡವರಿಸಿದರೆ ಹಂತ 7ರಲ್ಲಿ ಬರುವ ಗಿರಾಹಿಮ್ ಕೈಯಲ್ಲಿ ಒದೆ ಖಾತ್ರಿ.

## ಹಂತ 6: ಎರಡೂ ಕೈ ಸೇರುವ ಏಟುಗಳು

ಎಡಗೈ ಗುರಾಣಿ. ಶತ್ರುವಿನ ಏಟು ತಗಲುವ ಹೊತ್ತಿಗೆ ಸರಿಯಾಗಿ ಎಡಗೈ ಮುಂದಕ್ಕೆ ತಳ್ಳಿದರೆ ಅವನೇ ತತ್ತರಿಸುತ್ತಾನೆ. ಸುಮ್ನೆ ಗುರಾಣಿ ಎತ್ತಿ ನಿಂತರೆ ಅದು ಸವೆಯುತ್ತಾ ಹೋಗಿ ಮುರಿಯುತ್ತದೆ. ಮರದ್ದು ಬೆಂಕಿಗೆ ಉರಿಯುತ್ತದೆ, ಕಬ್ಬಿಣದ್ದು ಕರೆಂಟ್ ಹೊಡೆಸುತ್ತದೆ. ಸವೆದಿದ್ದನ್ನು ಸ್ಕೈಲಾಫ್ಟ್ ಬಜಾರ್‌ನಲ್ಲಿ ರಿಪೇರಿ ಮಾಡಿಸಬಹುದು. ಮಾತಾಡುವಾಗ ಎಡಗೈ ಆಡಿಸುವ ಚಾಳಿ ಇದ್ದವರಿಗೆ ಗುರಾಣಿ ತಾನಾಗಿಯೇ ಮೇಲೇಳುತ್ತದೆ. ಎಡಗೈ ತೊಡೆಯ ಮೇಲೆ ಇರಲಿ.

ಎರಡೂ ಕೈ ಒಟ್ಟಿಗೆ ಒಂದೇ ಕಡೆ ಬೀಸಿದರೆ ಸುತ್ತು ಏಟು. ಸುತ್ತಲೂ ಶತ್ರುಗಳಿದ್ದಾಗ ಒಳ್ಳೆಯದು, ಆದರೆ ಹಸಿರು ಚಕ್ರ ನೋಡುತ್ತಿರಿ. ಅದು ಲಿಂಕ್‌ನ ದಮ್ಮು. ಪೂರ್ತಿ ಖಾಲಿಯಾದರೆ ಏದುಸಿರು ಬಿಡುತ್ತಾ ನಿಲ್ಲುತ್ತಾನೆ, ಹೊಡೆಯಲು ಆಗುವುದಿಲ್ಲ.

ಶತ್ರು ಅಂಗಾತ ಬಿದ್ದಾಗ ಜೆಡ್‌ಎಲ್ ಬಿಡದೆ ಎರಡೂ ಕೈಯನ್ನು ಒಟ್ಟಿಗೆ ಕೆಳಕ್ಕೆ ಕುಟ್ಟಿ. ಲಿಂಕ್ ಹಾರಿ ಎದೆಗೆ ಇಳಿಸುತ್ತಾನೆ. ನನ್ನ ತಮ್ಮನಿಗೆ ಇದೊಂದು ಮಾತ್ರ ಮೊದಲ ಸಲಕ್ಕೇ ಬಂತು. ದುರ್ಗದವನಿಗೆ ಒನಕೆ ಹಿಡಿಯುವುದನ್ನ ಹೇಳಿಕೊಡಬೇಕಾ?

ಕತ್ತಿಯನ್ನು ನೆಟ್ಟಗೆ ಮೇಲಕ್ಕೆ ಎತ್ತಿ ಹಿಡಿದರೆ ಅದು ಬೆಳಕು ತುಂಬಿಕೊಳ್ಳುತ್ತದೆ, ಅದೇ ಸ್ಕೈವರ್ಡ್ ಸ್ಟ್ರೈಕ್. ತುಂಬುವ ತನಕ ಕೈ ಆಡಿಸಬೇಡಿ. ತುಂಬುತ್ತಿಲ್ಲ ಅಂದರೆ ನಿಮ್ಮ ಕೈ ಓರೆಯಾಗಿದೆ, ಇಲ್ಲವೇ ವೈ ಒತ್ತುವುದು ಮರೆತಿದ್ದೀರಿ.

## ಹಂತ 7: ಗಿರಾಹಿಮ್, ಎಲ್ಲರೂ ನಿಲ್ಲುವ ಜಾಗ

ಸ್ಕೈವ್ಯೂ ಟೆಂಪಲ್‌ನ ಕೊನೆಯಲ್ಲಿ ಖಳನಾಯಕ ಗಿರಾಹಿಮ್ ಬರಿಗೈಯಲ್ಲಿ ನಿಮ್ಮ ಕಡೆ ನಡೆದು ಬರುತ್ತಾನೆ. ನೀವು ಬೀಸಿದ ಕತ್ತಿಯನ್ನು ಎರಡು ಬೆರಳಲ್ಲಿ ಹಿಡಿದುಬಿಡುತ್ತಾನೆ. ಫೋನ್ ಬರುವುದೆಲ್ಲ ಈ ಘಟ್ಟದಿಂದಲೇ.

ಅವನ ಕೈ ನೋಡಿ. ನಿಮ್ಮ ಕತ್ತಿ ಎತ್ತ ಇದೆಯೋ ಅತ್ತ ಅದು ಬರುತ್ತದೆ, ಆದರೆ ಒಂದು ಕ್ಷಣ ತಡವಾಗಿ. ಆ ತಡವೇ ನಿಮ್ಮ ದಾರಿ.

1. ವೈ ಒತ್ತಿ, ಜೆಡ್‌ಎಲ್ ಹಿಡಿಯಿರಿ.
2. ಕತ್ತಿಯನ್ನು ನಿಧಾನಕ್ಕೆ ಬಲಕ್ಕೆ ಒಯ್ದು ನಿಲ್ಲಿಸಿ. ಅವನ ಕೈ ಆ ಕಡೆಗೆ ಬರುವ ತನಕ ಕಾಯಿರಿ.
3. ಕತ್ತಿಯನ್ನು ಕೆಳಗಿನಿಂದ ಅರ್ಧ ಸುತ್ತು ತಂದು ಎಡಕ್ಕೆ ಒಯ್ಯಿರಿ. ಏಟಿನಷ್ಟು ಥಟ್ಟನೆ ಅಲ್ಲ, ಅವನ ಕೈಗಿಂತ ಚುರುಕಾಗಿ.
4. ಅವನ ಕೈ ಇನ್ನೂ ಆ ಕಡೆ ಇರುವಾಗಲೇ ಎಡದಿಂದ ಬಲಕ್ಕೆ ಬೀಸಿ.

ಮೂರನೆಯದರಲ್ಲಿ ಕೈ ಎಡವುತ್ತದೆ. ಅಲ್ಲಿ ಆತುರ ಪಟ್ಟರೆ ಅದೇ ಬಲದಿಂದ ಎಡಕ್ಕೆ ಏಟಾಗಿ, ನೆಟ್ಟಗೆ ಅವನ ಬೆರಳಿಗೆ ಸಿಗುತ್ತದೆ. ಎರಡು ಮೂರು ಸಲ ಸಿಕ್ಕಿಹಾಕಿಕೊಂಡರೆ ಹಿಂದೆ ಸರಿದು ಉಸಿರು ಬಿಡಿ. ಶುರುವಿಗೆ ಆರು ಹೃದಯ ಇರುತ್ತವೆ, ಅವಸರ ಏನಿಲ್ಲ.

ಎರಡನೇ ಸುತ್ತಿಗೆ ಅವನು ಕತ್ತಿ ಹಿಡಿಯುತ್ತಾನೆ. ಸಾಲಾಗಿ ಚೂರಿಗಳನ್ನು ಎಸೆಯುತ್ತಾನೆ. ಸಾಲು ಅಡ್ಡ ಇದ್ದರೆ ಅಡ್ಡ ಬೀಸಿ, ಉದ್ದ ಇದ್ದರೆ ಉದ್ದ ಬೀಸಿ, ಚೂರಿಗಳು ಅವನಿಗೇ ವಾಪಸ್. ನುಗ್ಗಿ ಬಂದಾಗ ಪಕ್ಕಕ್ಕೆ ಹಾರಿ ಹೊಡೆಯಿರಿ. ಮೊದಲ ಸುತ್ತು ಕಲಿತವರಿಗೆ ಇದು ಸಲೀಸು.

## ಹಂತ 8: ಉಳಿದ ಕೈಚಳಕ

ಲಾಫ್ಟ್‌ವಿಂಗ್ ಹಕ್ಕಿಯ ಮೇಲೆ ಹಾರುವಾಗ ಜಾಯ್‌ಕಾನ್ ಓರೆ ಮಾಡಿದರೆ ತಿರುಗುತ್ತದೆ, ಮೇಲೆ ಕೆಳಗೆ ಆಡಿಸಿದರೆ ರೆಕ್ಕೆ ಬಡಿದು ಏರುತ್ತದೆ. ಬೀಟಲ್ (ಲಿಂಕ್ ಹಾರಿಬಿಡುವ ಜೀರುಂಡೆಯಂಥ ಯಂತ್ರ) ಕೂಡ ಹಾಗೇ ಓರೆಗೆ ತಿರುಗುತ್ತದೆ. ಇದನ್ನು ಕಾಗದದ ವಿಮಾನ ಹಿಡಿದಂತೆ ಮೆಲ್ಲಗೆ ಹಿಡಿಯಿರಿ. ಬಾಂಬನ್ನು ಕೈ ಮೇಲೆತ್ತಿ ಬೀಸಿದರೆ ಎಸೆತ, ಕೈ ಕೆಳಗೆ ಬಿಟ್ಟು ಮುಂದಕ್ಕೆ ಬೀಸಿದರೆ ಗೋಲಿಯ ಹಾಗೆ ಉರುಳುತ್ತದೆ. ಹಗ್ಗದ ಮೇಲೆ ನಡೆಯುವಾಗ ಲಿಂಕ್ ವಾಲಿದ ಕಡೆಗೆ ಎದುರಾಗಿ ವಾಲಿಸಿ. ವೀಣೆಯಂಥ ಹಾರ್ಪ್ ನುಡಿಸುವಾಗ ಬೆಳಕಿನ ವೃತ್ತ ಹಿಗ್ಗುವ ಕುಗ್ಗುವ ಲಯಕ್ಕೆ ಕೈ ಆಚೆ ಈಚೆ ಹೋಗಲಿ.

ಯಾವುದು ಎಡವಟ್ಟಾದರೂ ಮೊದಲ ಔಷಧಿ ವೈ.

## ಈ ಲಕ್ಷಣ ಕಂಡರೆ ನಿಲ್ಲಿಸಿ

ಕೈ ನಿಂತಿದ್ದರೂ ಪರದೆಯ ಕತ್ತಿ ಮೆಲ್ಲಗೆ ಒಂದು ಕಡೆ ಜಾರುತ್ತಿದ್ದರೆ ಹಂತ 2 ಸರಿ ಆಗಿಲ್ಲ. ಹಿಂದಕ್ಕೆ ಹೋಗಿ ನೆಲದ ಮೇಲೆ ಇಟ್ಟು ಮತ್ತೆ ಮಾಡಿ. ಕತ್ತಿ ನಿಂತು ನಿಂತು ಜಿಗಿಯುತ್ತಿದ್ದರೆ ಅದು ಬ್ಲೂಟೂತ್ ತಕರಾರು, ಇಲ್ಲವೇ ಚಾರ್ಜ್ ಮುಗಿಯುತ್ತಿದೆ. ಒಂದು ದಿಕ್ಕಿನ ಏಟು ಮಾತ್ರ ಸದಾ ತಪ್ಪುತ್ತಿದ್ದರೆ ಕೆಟ್ಟಿರುವುದು ನಿಮ್ಮ ಹಿಡಿತ. ಜಾಯ್‌ಕಾನ್ ಅಂಗೈಯಲ್ಲಿ ಹೊರಳಿದೆ, ಒರೆಸಿ ಮತ್ತೆ ಹಿಡಿಯಿರಿ. ಮಣಿಕಟ್ಟು ಚುರುಚುರು ಅನ್ನುತ್ತಿದ್ದರೆ ಆವತ್ತಿಗೆ ಸಾಕು. ಎದ್ದು ಹೋಗಿ ಬೆಣ್ಣೆ ದೋಸೆ ತಿಂದು ಬನ್ನಿ.

ಇದೆಲ್ಲ ಮಾಡಿಯೂ ಜಾರುತ್ತಿದ್ದರೆ ಜಾಯ್‌ಕಾನ್ ನಿಜವಾಗಿಯೂ ಕೆಟ್ಟಿರಬಹುದು. ಗೆಳೆಯರ ಜಾಯ್‌ಕಾನ್ ಒಂದು ಸಂಜೆ ಇಸಕೊಂಡು ಆಡಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಕರೆಂಟ್ ಹೋಗುವ ಭಯ ಇದ್ದರೆ ದಾರಿಯಲ್ಲಿ ಸಿಗುವ ಹಕ್ಕಿಯ ಕಲ್ಲಿನ ಹತ್ತಿರ ಸೇವ್ ಮಾಡುತ್ತಾ ಹೋಗಿ. ಆಟ ತಾನೂ ಆಗಾಗ ಸೇವ್ ಮಾಡಿಕೊಳ್ಳುತ್ತದೆ, ಆದರೂ ಅದನ್ನೇ ನಂಬಿ ಕೂರಬೇಡಿ. ಕರೆಂಟ್ ಹೋದರೆ ಡಾಕ್‌ನಿಂದ (ಟಿವಿಗೆ ಜೋಡಿಸುವ ಗೂಡು) ಸ್ವಿಚ್ ತೆಗೆದು, ಹಿಂದಿನ ಕಾಲು ಬಿಚ್ಚಿ, ಎದುರಿನ ಸ್ಟೂಲ್ ಮೇಲೆ ನಿಲ್ಲಿಸಿ ಮುಂದುವರಿಸಬಹುದು. ಪರದೆ ಕೆಳಗೆ ಇಳಿದಿರುವುದರಿಂದ ವೈ ಒತ್ತಿ ಹೊಸ ನಡು ತೋರಿಸಿ.

## ಬಟನ್ ಆಟ ಯಾವಾಗ

ಬಟನ್ ಆಟದಲ್ಲಿ ಬಲಗಡೆಯ ಕಡ್ಡಿ ತಳ್ಳಿದ ದಿಕ್ಕಿಗೆ ಕತ್ತಿ ಬೀಸುತ್ತದೆ. ಕ್ಯಾಮೆರಾ ತಿರುಗಿಸಬೇಕಾದರೆ ಎಲ್ ಬಟನ್ ಒತ್ತಿ ಹಿಡಿದು ಅದೇ ಕಡ್ಡಿ ಆಡಿಸಬೇಕು. ನನಗೆ ಇದು ಬಲಗೈಗೆ ಗೋಣಿಚೀಲ ಕಟ್ಟಿದ ಹಾಗೆ ಅನಿಸುತ್ತದೆ. ಭುಜದ ನೋವು ಇರುವವರು, ಮಗು ಮಲಗಿದ ಕೋಣೆಯಲ್ಲಿ ಆಡುವವರು ಇದನ್ನೇ ಹಿಡಿಯಲಿ, ನಾಚಿಕೆ ಬೇಡ.

ಬಸ್ಸಿನಲ್ಲಂತೂ ಇದೇ ಗತಿ. ಆವತ್ತು ದುರ್ಗದಿಂದ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಜಾಯ್‌ಕಾನ್ ಬಿಚ್ಚಿ ನೋಡಿದೆ. ಹೈವೇಯಲ್ಲಿ ನೆಟ್ಟಗೆ ಇತ್ತು. ಬಸ್ಸು ಊರೊಳಗೆ ಹೊರಳಿದ್ದೇ ತಡ, ನನ್ನ ಕೈ ಅಲುಗದೇ ಇದ್ದರೂ ಲಿಂಕ್‌ನ ಕತ್ತಿ ಡ್ರೈವರ್ ತಿರುಗಿಸಿದ ಕಡೆಗೇ ತಿರುಗಿತು. ಗೈರೋಸ್ಕೋಪ್‌ಗೆ ಬಸ್ಸು ತಿರುಗಿದರೂ ಒಂದೇ, ಕೈ ತಿರುಗಿದರೂ ಒಂದೇ.